ನಿಲುವಿನ ಕರ್ತೃ ಯಾರು?

"ನಾನು ನಿಂತಿದ್ದೇನೆ" ಎನ್ನುವಾಗ ಆ "ನಾನು" ಎಂಬವನು ಮಾಡುವ ಕೆಲಸವೆಷ್ಟು? ನಡೆಯುವುದು ಕ್ರಿಯೆ, ನಿಲ್ಲುವುದು ಕ್ರಿಯೆಯ ವಿರಾಮ ಎಂಬುದು ಲೋಕದ ತಿಳಿವಳಿಕೆ. ಶರೀರಶಾಸ್ತ್ರವು ಇದನ್ನು ಒಪ್ಪದು. ಸ್ಥಾವರದಂತೆ ತೋರುವ ನಿಂತ ದೇಹವು ಒಳಗೆ ಎಡೆಬಿಡದ ಜಂಗಮವಾಗಿದೆ. ದೇಹಭಾರದ ಗೆರೆಯು ಕಣಕಾಲಿನ ಕೀಲಿಗಿಂತ ತುಸು ಮುಂದೆ ಬೀಳುವುದರಿಂದ ಶರೀರವು ಸದಾ ಮುಂದಕ್ಕೆ ವಾಲಲೆಳಸುತ್ತದೆ. ಮೀನಖಂಡದ ಸ್ನಾಯುಗಳು ಅದನ್ನು ಹಿಂದಕ್ಕೆ ಸೆಳೆಯುತ್ತಲೇ ಇರುತ್ತವೆ.

ಈ ಕಾವಲಿನ ಮುಖ್ಯ ಠಾಣೆಯೊಂದು ಕಿವಿಯೊಳಗಿದೆ. ಕಿವಿಯಿರುವುದು ಕೇಳುವುದಕ್ಕೆ ಮಾತ್ರವೆಂದು ನಾವು ಬಗೆದಿದ್ದೇವೆ. ಆದರೆ ಒಂದೊಂದು ಒಳಕಿವಿಯಲ್ಲಿಯೂ ದ್ರವ ತುಂಬಿದ 3 ಅರ್ಧವರ್ತುಲ ನಾಳಗಳುಂಟು. ತಲೆಯನ್ನು ಹೊರಳಿಸಿದೊಡನೆ ನಾಳವು ಸರಿಯುತ್ತದೆ, ದ್ರವವು ಹಿಂದುಳಿಯುತ್ತದೆ. ಆ ಅಂತರದಿಂದ ಸೂಕ್ಷ್ಮ ರೋಮಗಳು ಬಾಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಪಕ್ಕದ 2 ಚೀಲಗಳಲ್ಲಿ ಸುಣ್ಣದಂಶದ ಹರಳುಗಳಿವೆ. ತಲೆ ವಾಲಿದಾಗ ಅವು ತಮ್ಮ ತೂಕದಿಂದ ಜಾರಿ, ಭೂಮಿಯ ಸೆಳೆತ ಯಾವ ಕಡೆಗೆಂಬುದನ್ನು ತಿಳಿಸುತ್ತವೆ. ಕಣ್ಣು, ಸ್ನಾಯು, ಅಂಗಾಲಿನ ಚರ್ಮ ಇವೂ ತಮ್ಮ ಸಾಕ್ಷ್ಯವನ್ನು ನುಡಿಯುತ್ತವೆ. ಮಿದುಳಿನ ಬುಡವು ಇವೆಲ್ಲವನ್ನೂ ಹೊಂದಿಸಿ, ಇಚ್ಛೆಯ ಅಪ್ಪಣೆಗೆ ಕಾಯದೆ, ಬೆನ್ನುಹುರಿಯ ಮಾರ್ಗವಾಗಿ ಕಾಲುಗಳಿಗೆ ಆಜ್ಞೆಯನ್ನು ಕಳುಹುತ್ತದೆ. ಎಡವಿದವನು ತಾನು ಎಡವಿದೆನೆಂದು ಅರಿಯುವ ಮೊದಲೇ ಅವನ ಕಾಲು ಬಿಗಿದಿರುತ್ತದೆ.

ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿಯವರು ರೋಗಿಗಳ ಕಿವಿಗೆ ನೀರನ್ನು ಬಿಟ್ಟು ಪರೀಕ್ಷಿಸಿದರು. ಅಲುಗದೆ ಇದ್ದ ರೋಗಿಗೆ ಲೋಕವೆಲ್ಲ ಸುತ್ತಿದಂತಾಗಿ ಕಣ್ಣುಗುಡ್ಡೆಗಳು ತಾವಾಗಿಯೇ ಅತ್ತಿತ್ತ ಹೊಯ್ದಾಡಿದವು. ನೀರು ಬಿಸಿಯಾದರೆ ಒಂದು ದಿಕ್ಕಿಗೆ, ತಣ್ಣಗಾದರೆ ಅದಕ್ಕೆ ವಿರುದ್ಧವಾದ ದಿಕ್ಕಿಗೆ. ಒಳಕಿವಿಯ ಕುರಿತ ಈ ಶೋಧನೆಗಳಿಗಾಗಿ ಅವರಿಗೆ 1914ರ ನೊಬೆಲ್ ಪಾರಿತೋಷಕವು ಸಂದಿತು. ಆ ಸುದ್ದಿ ತಲುಪಿದಾಗ ಅವರು ರಷ್ಯದಲ್ಲಿ ಯುದ್ಧಕೈದಿಯಾಗಿದ್ದರು.

ಹಾಗಾದರೆ ನಿಲುವಿನ ಹೆಮ್ಮೆ ಯಾರದು? ಬಿದ್ದರೆ ತಪ್ಪು ಯಾರದು? ಗೃಹಸ್ಥರಾದವರಿಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಹತ್ತಿರದ್ದು. ವೃದ್ಧೆಯಾದ ತಾಯಿಯು ಇರುಳಿನಲ್ಲಿ ಎದ್ದು ತತ್ತರಿಸಿದರೆ "ನೋಡಿ ನಡೆಯಬಾರದೇನವ್ವಾ?" ಎಂದು ಗದರುವ ಮಕ್ಕಳು ಎಷ್ಟೋ ಮಂದಿ. ವಯಸ್ಸಾದಂತೆ ಒಳಕಿವಿಯ ರೋಮಕೋಶಗಳು ಕಡಿಮೆಯಾಗುತ್ತವೆ, ಅಂಗಾಲಿನ ಸ್ಪರ್ಶವು ಮಂದವಾಗುತ್ತದೆ. ಬಹುಮಟ್ಟಿಗೆ ನಂಬಬಹುದಾದ ಸಾಕ್ಷಿಯೆಂದರೆ ಕಣ್ಣು. ದೀಪವಾರಿಸಿದರೆ ಅದೂ ಇಲ್ಲ. ಕೆಲವರಲ್ಲಿ ಹರಳುಗಳು ಕಳಚಿ ನಾಳದೊಳಗೆ ಸೇರಿ, ಮಗ್ಗುಲು ಹೊರಳಿದೊಡನೆ ತಲೆ ಸುತ್ತಿಸುತ್ತವೆ. (ವೈದ್ಯರು ತಲೆಯನ್ನು ಕ್ರಮವರಿತು ಹೊರಳಿಸಿ ಅವನ್ನು ನಾಳದಿಂದ ಹೊರಡಿಸಬಲ್ಲರು.) ಇದನ್ನು ಅಜಾಗರೂಕತೆಯೆಂದು ಕರೆಯುವುದು ನನಗೆ ಅನ್ಯಾಯವಾಗಿ ತೋರುತ್ತದೆ. ತನ್ನ ಸಂಕಲ್ಪಬಲದಿಂದ ನಿಲ್ಲದವನಿಗೆ, ತನ್ನ ಸಂಕಲ್ಪದಿಂದ ಬೀಳದವಳನ್ನು ಗದರುವ ಅಧಿಕಾರವೆಲ್ಲಿಯದು? ಮದ್ಯ ಕುಡಿದು ತೂರಾಡುವವನ ಮಾತು ಬೇರೆ. ಅಲ್ಲಿ ಕೆಡಿಸಿದ ಕೈ ಅವನದೇ.

ಸಂಕಲ್ಪಕ್ಕೆ ಮಾಡಲು ಕೆಲಸವಿಲ್ಲವೆಂದಲ್ಲ. ಬಚ್ಚಲಿನ ದಾರಿಯಲ್ಲಿ ಒಂದು ದೀಪವನ್ನಿಡಬಹುದು. ಬೆರಳ ತುದಿಯನ್ನು ಸ್ಥಿರವಾದ ವಸ್ತುವಿಗೆ ಸೋಕಿಸಿದರೆ ಕತ್ತಲೆಯಲ್ಲಿಯೂ ದೇಹದ ತೂಗಾಟ ತಗ್ಗುವುದೆಂದು ಪ್ರಯೋಗಗಳಿಂದ ತಿಳಿದಿದೆ. ಆ ಸೋಂಕಿನ ಬಲವು 100 ಗ್ರಾಂ ತೂಕದಷ್ಟೂ ಇರಬೇಕಾಗಿಲ್ಲ. ಅದು ದೇಹವನ್ನು ಹೊರಲಾರದು. ನೆಲೆ ಎಲ್ಲಿಯೆಂಬುದನ್ನು ಮಾತ್ರ ತಿಳಿಸುತ್ತದೆ. ಮುದುಕಿಯು ಗೋಡೆಯನ್ನು ಸವರುತ್ತ ನಡೆಯುವುದು ಇದಕ್ಕಾಗಿಯೇ. ಗೋಡೆಯ ಬದಲಿಗೆ ಮಗನ ತೋಳಾದರೂ ಆದೀತು.