ಸಂಚಕಾರ ಕೊಡುವಾಗ ಮನಸ್ಸು ಎಲ್ಲಿರುತ್ತದೆ?



ಹೋದ ಭಾನುವಾರ ವಂದನೆ ಮುಗಿದ ಮೇಲೆ ಎರಡನೇ ಶೀಲದ ಮಾತು ಬಂತು. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದು, ಸರಿ. ಆದರೆ "ಕೊಟ್ಟದ್ದು" ಅಂದರೆ ಯಾವುದು ಎಂದು ನಮ್ಮ ಕಿರಿಯ ಉಪಾಸಕರೊಬ್ಬರು ಕೇಳಿದರು. ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಬಾರದ ಸಿಟ್ಟಿನಲ್ಲಿದ್ದರು ಅವರು. ಕೈಯಾರೆ ಕೊಟ್ಟ ಹಣವನ್ನು ಇನ್ನೊಬ್ಬ ಇಟ್ಟುಕೊಂಡರೆ ಅದು ಕಳವೇ, ಅಲ್ಲವೇ? ಅಂದು ಯಾರೂ ಸರಿಯಾಗಿ ಉತ್ತರಿಸಲಿಲ್ಲ. ನನಗೆ ಬೇರೊಂದು ಅಡ್ವಾನ್ಸ್ ನೆನಪಾಗಿತ್ತು, ಹಡಗಿನಲ್ಲಿ ಕೊಟ್ಟದ್ದು. ಎಲ್ಲರೆದುರು ಹೇಳಲು ಸಂಕೋಚವಾಗಿ ಸುಮ್ಮನಿದ್ದೆ. ಇಲ್ಲಿ ಬರೆಯುತ್ತೇನೆ.

ಮಗ ಸಿಯಾಟಲ್‌ನಲ್ಲಿದ್ದಾನೆ. ಹೋದ ಜೂನ್‌ನಲ್ಲಿ ನಾವು ಗಂಡ ಹೆಂಡತಿ ಹೋಗಿದ್ದಾಗ ಅಲಾಸ್ಕಾ ಕಡೆಗೆ ಏಳು ರಾತ್ರಿಯ ಕ್ರೂಸ್‌ಗೆ ಕರೆದುಕೊಂಡು ಹೋದ. ಜೂನೋ ಊರಲ್ಲಿ ರಾತ್ರಿ ಹತ್ತಾದರೂ ಬೆಳಕು. ನೀರಿನ ಮೇಲೆ ಮಂಜುಗಡ್ಡೆ ತೇಲುವುದನ್ನು ನೋಡುತ್ತ ನನ್ನವಳು ಮಾತೇ ಮರೆತಿದ್ದಳು. ವಾಪಸ್ ಬರುವಾಗ ಒಂದು ಇಡೀ ದಿನ ಹಡಗು ಎಲ್ಲೂ ನಿಲ್ಲದೆ ಸಾಗುತ್ತದೆ. ಅವತ್ತು ಬಾಗಿಲಿಗೊಂದು ಚೀಟಿ ಬಂತು: ಮುಂದಿನ ಪ್ರವಾಸಕ್ಕೆ ಇಲ್ಲೇ ಬುಕ್ ಮಾಡಿ, ಲಾಭ ಪಡೆಯಿರಿ.

ಇದು ಒಂದೇ ಹಡಗಿನ ಪದ್ಧತಿಯಲ್ಲ. ದೊಡ್ಡ ಕಂಪನಿಗಳೆಲ್ಲ ಹಡಗಿನಲ್ಲೇ ಇದಕ್ಕೊಂದು ಮೇಜು ಇಟ್ಟಿರುತ್ತವೆ. ರಾಯಲ್ ಕೆರಿಬಿಯನ್‌ನವರು ಅದನ್ನು ನೆಕ್ಸ್ಟ್‌ಕ್ರೂಸ್ ಅನ್ನುತ್ತಾರೆ, ನಾರ್ವೇಜಿಯನ್‌ನವರು ಕ್ರೂಸ್‌ನೆಕ್ಸ್ಟ್ ಅನ್ನುತ್ತಾರೆ. ಬುಕ್ ಮಾಡುವ ದಾರಿ ಎರಡು. ಹಡಗು, ತಾರೀಖು, ಕೋಣೆ ಎಲ್ಲವನ್ನೂ ಅಲ್ಲೇ ಆರಿಸಿ ಠೇವಣಿ ಕಟ್ಟುವುದು ಒಂದು. ಏನನ್ನೂ ಆರಿಸದೆ, "ಯಾವತ್ತೋ ಬರುತ್ತೇವೆ" ಎಂದು ಬರೀ ಜಾಗ ಹಿಡಿದಿಡುವುದು ಇನ್ನೊಂದು. ಪ್ರಿನ್ಸೆಸ್ ಕಂಪನಿಯಲ್ಲಿ ಹೀಗೆ ತಲೆಗೆ 100 ಡಾಲರ್ ಇಟ್ಟರೆ ಎರಡು ವರ್ಷ ಚಾಲ್ತಿ, ಬಳಸದೆ ಹೋದರೆ ಹಣ ವಾಪಸ್. ಡಿಸ್ನಿಯವರದು 250 ಡಾಲರ್, ಎರಡು ವರ್ಷದೊಳಗೆ ಬುಕ್ ಮಾಡಿದರೆ ದರದಲ್ಲಿ ಸಾಮಾನ್ಯವಾಗಿ ಶೇ. 10 ಕಡಿತ. ಅಲ್ಲೇ ಕಟ್ಟಿದ ಬುಕಿಂಗನ್ನು ಆಮೇಲೆ ನಮ್ಮೂರಿನ ಟ್ರಾವೆಲ್ ಏಜೆಂಟರ ಹೆಸರಿಗೆ ಹಚ್ಚಬಹುದು, ಕಮಿಷನ್ ಅವರಿಗೆ ಹೋಗುತ್ತದೆ.

ಇಷ್ಟರಲ್ಲಿ ತಪ್ಪೇನೂ ಇಲ್ಲ. ಆದರೆ ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವನು, ಸಣ್ಣ ಅಕ್ಷರ ಕಂಡರೆ ಕನ್ನಡಕ ತೆಗೆದು ಹತ್ತಿರ ಹಿಡಿಯುವ ಚಟ. ಓದಿದಾಗ ತಿಳಿದದ್ದು, ಠೇವಣಿಯಲ್ಲೂ ಎರಡು ಬಗೆ. ವಾಪಸ್ ಬರುವುದಕ್ಕೆ ಟಿಕೆಟ್ ದರ ಹೆಚ್ಚು, ಬಾರದ್ದಕ್ಕೆ ಕಮ್ಮಿ. ರಾಯಲ್ ಕೆರಿಬಿಯನ್‌ನಲ್ಲಿ ವಾಪಸ್ ಬಾರದ ಠೇವಣಿ ಕಟ್ಟಿ ಆಮೇಲೆ ಹಡಗು ಅಥವಾ ತಾರೀಖು ಬದಲಿಸಿದರೆ ತಲೆಗೆ 100 ಡಾಲರ್ ಮುರಿದುಕೊಳ್ಳುತ್ತಾರೆ. ವಾಪಸ್ ಬರುವ ಠೇವಣಿಗೂ ಗಡುವಿದೆ. ಪ್ರಯಾಣಕ್ಕೆ ಸುಮಾರು ಮೂರು ತಿಂಗಳಿರುವಾಗ ಪೂರ್ತಿ ಹಣ ಕಟ್ಟಬೇಕು. ಆ ದಿನ ದಾಟಿದ ಮೇಲೆ ರದ್ದು ಮಾಡಿದರೆ ದಿನ ಕಳೆದಂತೆ ಹೆಚ್ಚು ಹೆಚ್ಚು ಹೋಗುತ್ತದೆ, ಕೊನೆಗೆ ಪೂರ್ತಿ.

ಇದರ ಜೊತೆಗೆ ಇನಾಮು ಬೇರೆ. ಬುಕ್ ಮಾಡಿದವರಿಗೆ ಹಡಗಿನಲ್ಲಿ ಖರ್ಚು ಮಾಡಲು ಇಷ್ಟು ಡಾಲರ್ ಎಂದು ಕೊಡುತ್ತಾರೆ. ಕೆಲವು ಸಲ ಅದು ಮುಂದಿನ ಪ್ರವಾಸಕ್ಕಲ್ಲ, ಈಗಿನದಕ್ಕೇ. ಸಂಜೆಯೊಳಗೆ ಅದು ಹೊಟ್ಟೆಗೋ ಅಂಗಡಿಗೋ ಹೋಗಿರುತ್ತದೆ. ನಿಶ್ಚಯದ ಊಟ ಉಂಡ ಮೇಲೆ ಸಂಬಂಧ ಬೇಡ ಅನ್ನಲು ಬಾಯಿ ಬರುತ್ತದೆಯೇ? ಹಣ ಎಣಿಸಿ ಕೊಡುವುದೂ ಇಲ್ಲ. ಕೋಣೆಯ ಕಾರ್ಡ್ ತೋರಿಸಿದರೆ ಸಾಕು, ಕಾಫಿ, ಫೋಟೋ, ಟೋಪಿಗಳ ಜೊತೆ ಅದೂ ಕೊನೆಯ ಬಿಲ್ಲಿನಲ್ಲಿ ಒಂದು ಸಾಲಾಗಿ ಕೂತಿರುತ್ತದೆ.

ನಮ್ಮ ಭಾಷೆಯಲ್ಲಿ ಇಂಥ ಹಣಕ್ಕೆ ಸಂಚಕಾರ ಅನ್ನುತ್ತೇವೆ. ಎತ್ತಿನ ಸಂತೆಯಲ್ಲಿ ಮಾತು ಮುರಿಯದಿರಲಿ ಎಂದು ಕೊಡುವ ಮುಂಗಡ. ಅದೇ ಪದಕ್ಕೆ ಅಪಾಯ ಎನ್ನುವ ಅರ್ಥವೂ ಇದೆ, "ಜೀವಕ್ಕೆ ಸಂಚಕಾರ ಬಂತು" ಅನ್ನುತ್ತೇವಲ್ಲ ಹಾಗೆ. ಯಾರು ಯಾವಾಗ ಈ ಎರಡನ್ನು ಒಂದೇ ಪದಕ್ಕೆ ಗಂಟು ಹಾಕಿದರೋ, ಅವರು ಮುಂಗಡದ ರುಚಿ ಕಂಡವರೇ ಇರಬೇಕು.

ನಮ್ಮ ಮುತ್ಯಾ ಕಂಡಿದ್ದ. ಮಗಳ ಮದುವೆಗೆಂದು ಊರ ದೊಡ್ಡ ಮನೆಯಿಂದ ತಂದ ಮುಂಗಡಕ್ಕೆ ಅವನು ಜೀತ ಇದ್ದ, ಅವನ ಬೆನ್ನಿಗೆ ನಮ್ಮಪ್ಪ ಕೆಲವು ವರ್ಷ. ಎಷ್ಟು ರೊಕ್ಕ ಎಂದು ಅಪ್ಪನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಲೆಕ್ಕದ ಪುಸ್ತಕ ಅವರ ಮನೆಯಲ್ಲಿತ್ತು. 1976ರ ಜೀತ ನಿರ್ಮೂಲನ ಕಾಯ್ದೆ ಇಂಥ ಮುಂಗಡದ ಸಾಲವನ್ನೆಲ್ಲ ಅಳಿಸಿಹಾಕಿತು. ಕಾಗದದಲ್ಲಿ ಬಂದದ್ದು ನಮ್ಮೂರಿಗೆ ನಡೆದುಬರಲು ಇನ್ನೂ ಕೆಲವು ವರ್ಷ ಹಿಡಿಯಿತು, ಆ ಮಾತು ಬೇರೆ.

ಹಡಗಿನ ಠೇವಣಿಯನ್ನು ಜೀತಕ್ಕೆ ಹೋಲಿಸಿದರೆ ಮುತ್ಯಾನಿಗೆ ಅವಮಾನ. ನಾನು ಕೊಡುವವನು, ಅವನು ತೆಗೆದುಕೊಂಡವನು. ನನಗೆ ಹೋದರೆ ನೂರು ಡಾಲರ್, ಅವನಿಗೆ ಮೈಯೇ ಹೋಯಿತು. ಆದರೂ ಆ ಮೇಜಿನ ಮುಂದೆ ನಿಂತಾಗ ನನ್ನ ಕೈ ಹಿಂದೆ ಸರಿದದ್ದು ನಿಜ. ಮುಂಗಡ ಎಂದರೆ ಇವತ್ತಿನ ಮನುಷ್ಯ ನಾಳೆಯ ಮನುಷ್ಯನ ಪರವಾಗಿ ಹಾಕುವ ಸಹಿ. ಮುತ್ಯಾ ಮದುವೆಯ ಅವಸರದಲ್ಲಿ ಹೆಬ್ಬೆಟ್ಟು ಒತ್ತಿದ, ಇಲ್ಲಿ ಜನ ಸಮುದ್ರದ ಸಂತೋಷದಲ್ಲಿ ಸಹಿ ಹಾಕುತ್ತಾರೆ. ಅವಸರವಾಗಲಿ ಸಂತೋಷವಾಗಲಿ, ಆ ಹೊತ್ತಿನಲ್ಲಿ ನಾಳೆಯವನು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮೇಜನ್ನು ದಡದಲ್ಲಿಡದೆ ಹಡಗಿನಲ್ಲಿಟ್ಟಿರುವುದು ಸುಮ್ಮನೆ ಅಲ್ಲ. ಮನೆಗೆ ಹೋಗಿ ಕರೆಂಟ್ ಬಿಲ್ ನೋಡಿದ ಮೇಲೆ ಯಾರು ಬುಕ್ ಮಾಡುತ್ತಾರೆ?

ಹಾಗಾದರೆ ಅದು ಕೊಟ್ಟದ್ದೋ, ಕಿತ್ತುಕೊಂಡದ್ದೋ? ನನಗೆ ದಾರಿ ತೋರಿಸಿದ್ದು ಹಳೆಯ ಬ್ಯಾಂಕ್ ಬುದ್ಧಿ. ಪ್ರಯಾಣಿಕರ ಮುಂಗಡವನ್ನು ಈ ಕಂಪನಿಗಳು ತಮ್ಮ ಲೆಕ್ಕಪತ್ರದಲ್ಲಿ ಆದಾಯ ಎಂದು ಬರೆಯುವುದಿಲ್ಲ, ಹೊಣೆ ಎಂದು ಬರೆಯುತ್ತವೆ. ಸಾಲದ ಪಕ್ಕದ ಬಾಬ್ತು ಅದು. ಕಾರ್ನಿವಲ್ ಕಂಪನಿಯ ಲೆಕ್ಕದಲ್ಲಿ 2024ರ ಮೇ ಕೊನೆಗೆ ಅಂಥ ಹಣ 830 ಕೋಟಿ ಡಾಲರ್ ಇತ್ತು. ಅಂದರೆ ಹಡಗು ಹೊರಡುವವರೆಗೆ ಅದು ನಮ್ಮದಲ್ಲ ಎಂದು ಅವರ ಪುಸ್ತಕವೇ ಒಪ್ಪುತ್ತದೆ. ಆ ಹಣ ಪರರದ್ದಾಗಿದ್ದು ಯಾವ ಗಳಿಗೆಯಲ್ಲಿ ಅವರದಾಗುತ್ತದೆ, ಯಾವ ಕಾರಣಕ್ಕೆ ಆಗುತ್ತದೆ ಎಂದು ಕೇಳಬೇಕು.

ನನಗಾಗಿ ಒಂದು ಕೋಣೆ ಹಿಡಿದಿಟ್ಟು, ಬೇರೆಯವರಿಗೆ ಇಲ್ಲವೆಂದು, ನಾನು ಕೊನೆ ಗಳಿಗೆಯಲ್ಲಿ ಬಾರದಿದ್ದರೆ ಆ ನಷ್ಟ ನನ್ನಿಂದ ಆದದ್ದು. ಅವರು ಹಣ ಇಟ್ಟುಕೊಂಡರೆ ನ್ಯಾಯ. ಕಮ್ಮಿ ದರಕ್ಕಾಗಿ, ತಿಳಿದೇ ವಾಪಸ್ ಬಾರದ ಠೇವಣಿ ಕಟ್ಟಿದ್ದರೆ ಆ ರಿಯಾಯಿತಿಯೇ ನನಗೆ ಸಿಕ್ಕ ಬೆಲೆ. ಅದೂ ಒಪ್ಪುವ ಮಾತು, ಬಾಯಿಬಿಟ್ಟು ಹೇಳಿದ್ದರೆ ಮಾತ್ರ. ಆದರೆ ತಾರೀಖಿಲ್ಲದ ಠೇವಣಿಗೆ ಯಾವ ಕೋಣೆಯೂ ಕಾದಿರುವುದಿಲ್ಲ. ಅದರ ಅವಧಿ ಮುಗಿಯಿತೆಂದು ಯಾರಾದರೂ ಹಣ ಉಳಿಸಿಕೊಂಡರೆ, ಯಾವ ನಷ್ಟಕ್ಕೆ? ಬರೀ ನಮ್ಮ ಮರೆವಿಗೆ. ಮರೆತವನ ಹಣ ಕೊಟ್ಟವನ ಹಣವಲ್ಲ, ನನ್ನ ಮಟ್ಟಿಗೆ ಅದು ಶೀಲ ದಾಟಿದ್ದೇ. ವಾಪಸ್ ಕೊಡುವ ಕಂಪನಿಗಳೂ ಇವೆ ಎಂದ ಮೇಲೆ, ಆಗುವುದಿಲ್ಲ ಎನ್ನುವ ನೆಪವೂ ಇಲ್ಲ.

ಅವರೇ ಮಾತು ತಪ್ಪಿದಾಗ ಏನಾಗುತ್ತದೆ ಎಂಬುದನ್ನು 2020ರ ಮಾರ್ಚ್ ತೋರಿಸಿತು. ಕೊರೊನಾದಿಂದ ಹಡಗುಗಳು ನಿಂತವು. ಹಣ ವಾಪಸ್ ಬೇಕೋ, ಮುಂದಿನ ಪ್ರವಾಸಕ್ಕೆ ಶೇ. 125ರಷ್ಟು ಜಮಾ ಬೇಕೋ ಎಂದು ಹಲವು ಕಂಪನಿಗಳು ಕೇಳಿದವು. ಮತ್ತೆ ಅದೇ ಆಮಿಷ, ನಾಳೆಗೆ ಬಾ ಎಂದು. ಆಮೇಲೆ 2022ರಲ್ಲಿ ಅಮೆರಿಕದ ಫೆಡರಲ್ ಮ್ಯಾರಿಟೈಮ್ ಕಮಿಷನ್ ನಿಯಮ ಮಾಡಿತು: ಕಂಪನಿ ಪ್ರಯಾಣ ರದ್ದು ಮಾಡಿದರೆ, ಅಥವಾ ಹತ್ತುವುದು ಮೂರು ದಿನ ಇಲ್ಲವೇ ಅದಕ್ಕಿಂತ ಹೆಚ್ಚು ತಡವಾಗಿ ಪ್ರಯಾಣಿಕ ಬೇಡವೆಂದರೆ, ಹಣ ವಾಪಸ್ ಕೊಡಬೇಕು. ಹೊಣೆ ಎಂದು ಬರೆದದ್ದನ್ನು ಹೊಣೆ ಎಂದೇ ನಡೆಸಿಕೊಳ್ಳಲು ಕಾನೂನು ಬೇಕಾಯಿತು.

ನಮ್ಮ ಕಥೆಗೆ ಬರುತ್ತೇನೆ. ಮೇಜಿನ ಮುಂದೆ ಮಗ ಉತ್ಸಾಹದಲ್ಲಿದ್ದ. ಮುಂದಿನ ವರ್ಷ ಜುಲೈ, ತಾರೀಖು ಸಮೇತ, ವಾಪಸ್ ಬಾರದ ಠೇವಣಿ. ದರ ಕಮ್ಮಿ ಬೀಳುತ್ತದೆ ಎಂದ. ನಾನು ಬೇಡ ಅಂದೆ. ನನಗೆ 71, ಅವಳಿಗೆ ಸಕ್ಕರೆ ಕಾಯಿಲೆ, ಮೊಣಕಾಲು. ಎಲ್ಲವೂ ಅನಿತ್ಯ ಎಂದು ಪ್ರತಿ ಭಾನುವಾರ ಹೇಳುವವನು ಮುಂದಿನ ಜುಲೈಗೆ ಮೈಯ ಮೇಲೆ ಸಹಿ ಹಾಕಲೇ? ಹಾಗೆಂದು ಸ್ವಲ್ಪ ಜಂಬದಿಂದಲೇ ಅಂದೆ ಅನ್ನಿಸುತ್ತದೆ.

ನನ್ನವಳು ಅಲ್ಲಿಯವರೆಗೆ ಸುಮ್ಮನಿದ್ದವಳು, "ಅನಿತ್ಯ ಅಂತ ಹೊಲಕ್ಕ ಬೀಜ ಹಾಕೋದು ಬಿಟ್ಟಾರೇನ್ರಿ ಯಾರರೆ? ರೊಕ್ಕ ಹೋದ್ರ ಹೋಗ್ಲಿ. ಮತ್ತ ಒಮ್ಮೆ ಬರ್ತೀವಿ ಅಂತ ಒಂದು ಆಸೆ ಇರ್ಲಿ. ಹುಡುಗ ಒಬ್ನ ಇರ್ತಾನಿಲ್ಲಿ," ಅಂದಳು.

ನನ್ನ ಲೆಕ್ಕದಲ್ಲಿ ಮಗ ಇರಲಿಲ್ಲ. ನಾನು ಕಂಪನಿಗೂ ನನಗೂ ಮಧ್ಯೆ ವ್ಯವಹಾರ ಎಂದುಕೊಂಡಿದ್ದೆ. ಅವನು ಆ ಮೇಜಿನಿಂದ ಕೊಳ್ಳಲು ಹೊರಟದ್ದು ಕೋಣೆಯಲ್ಲ, ಅಪ್ಪ ಅವ್ವ ಮತ್ತೆ ಬರುತ್ತಾರೆ ಎನ್ನುವ ಮಾತು. ಅದನ್ನು ಕಂಪನಿಯವರು ಮಾರಲಾರರು, ನಾನೇ ಕೊಡಬೇಕು. ನಾನು ಅದನ್ನೂ ಸಣ್ಣ ಅಕ್ಷರದಲ್ಲಿ ಹುಡುಕುತ್ತಿದ್ದೆ.

ಆಸೆ ಬೇರೆ, ತೃಷ್ಣೆ ಬೇರೆ ಎಂದು ನಾವು ಪುಸ್ತಕ ಹಿಡಿದು ಗಂಟೆಗಟ್ಟಲೆ ಚರ್ಚೆ ಮಾಡಿದ್ದೇವೆ. ಅವತ್ತು ನನಗೆ ತೋಚಿದ್ದು ಇಷ್ಟೇ: ಕಟ್ಟಿದ ಮೇಲೆ ಬಿಚ್ಚಲು ಬರುವ ಗಂಟು ಹಾಕಬೇಕು. ತಾರೀಖು ಬೇಡ, ವಾಪಸ್ ಬರುವ ಠೇವಣಿ ಸಾಕು ಎಂದೆವು. ತಲೆಗೆ 100ರಂತೆ ಇಬ್ಬರಿಗೆ 200 ಡಾಲರ್, ಎರಡು ವರ್ಷದ ಅವಧಿ. ಮೇಜಿನ ಹಿಂದಿದ್ದ ಹುಡುಗಿಗೆ ಸ್ವಲ್ಪ ನಿರಾಸೆಯಾಯಿತು, ಅವಳಿಗೂ ಗುರಿ ಇರುತ್ತದೇನೋ. ಮಗ ಹಣ ಕೊಡಲು ಬಂದ. ನಾನು ಬಿಡಲಿಲ್ಲ, ನನ್ನ ಪಿಂಚಣಿಯಲ್ಲಿ ಕೊಟ್ಟೆ.

ರಸೀದಿಯ ಪ್ರಿಂಟ್ ಅಲಮಾರಿಯಲ್ಲಿ, ಮುತ್ಯಾನ ಫೋಟೋ ಇಟ್ಟಿರುವ ಖಾನೆಯಲ್ಲೇ ಇದೆ. ಅವಧಿ ಮುಗಿಯುವ ತಾರೀಖನ್ನು ನನ್ನವಳು ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದಾಳೆ. ಈಗ ದಿನಾ ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಮೊಣಕಾಲಿನ ವ್ಯಾಯಾಮ ಮಾಡುತ್ತಾಳೆ.

ಜೈ ಭೀಮ್.