ಸಾರಿ ಅಂದೆನಲ್ಲ!

ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ‘ಸಾರಿ’ ಎಂಬ ಮಾತು ನಾಲ್ಕಾರು ಕಡೆಯಿಂದ ಕಿವಿಗೆ ಬೀಳುತ್ತದೆ. ಕಾಲು ತುಳಿದವರು ಸಾರಿ ಅನ್ನುತ್ತಾರೆ. ಚಿಲ್ಲರೆ ಇಲ್ಲದ ಅಂಗಡಿಯವನು ಸಾರಿ ಅನ್ನುತ್ತಾನೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಗೂ ಈ ಇಂಗ್ಲಿಷ್ ಪದ ಗೊತ್ತು. ಅದನ್ನು ಹೇಳಿ ಮುಗಿಸಿದ ಮೇಲೂ ಎದುರಿನವರ ಮುಖ ಗಂಟಾಗಿಯೇ ಇದ್ದರೆ ಆಗ ಬರುತ್ತದೆ ಎರಡನೆಯ ಮಾತು: “ಸಾರಿ ಅಂದೆನಲ್ಲ, ಇನ್ನೇನು ಮಾಡ್ಬೇಕು?”

ಪ್ರಿಯ ಓದುಗರೇ, ಮೊದಲ ಮಾತಿಗಿಂತ ಈ ಎರಡನೆಯ ಮಾತೇ ನಮ್ಮ ಕುಟುಂಬಗಳನ್ನು ಹೆಚ್ಚಾಗಿ ಕೆಡಿಸುತ್ತಿದೆ. ಆದ್ದರಿಂದ ‘ಸಾರಿ’ ಎಂಬ ಪದದ ಅರ್ಥವನ್ನು ಸ್ವಲ್ಪ ವಿಚಾರಿಸೋಣ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಸಾರ್’ ಎಂದರೆ ನೋವು, ಗಾಯ. ಗಂಟಲು ನೋವಿಗೆ ಡಾಕ್ಟರು ‘ಸೋರ್ ಥ್ರೋಟ್’ ಅನ್ನುವಾಗ ಉಳಿದಿರುವುದು ಅದೇ ಪದ. ‘ಸಾರಿ’ ಹುಟ್ಟಿದ್ದು ಅದರಿಂದಲೇ. (ದುಃಖ ಎಂಬ ಅರ್ಥದ ‘ಸಾರೋ’ದಿಂದ ಬಂದಿದ್ದೆಂದು ಹಲವರು ತಿಳಿದಿದ್ದಾರೆ, ಅದರ ಬೇರು ಬೇರೆ.) ಹಾಗಾಗಿ ‘ಐ ಆಮ್ ಸಾರಿ’ ಎಂಬ ಮಾತಿನ ಮೂಲಾರ್ಥ ‘ನನಗೆ ನೋಯುತ್ತಿದೆ’ ಎಂದು. ಎದುರಿನವರಿಂದ ಏನನ್ನಾದರೂ ಕೇಳುವ ಮುಂಚೆ ಅದು ನನ್ನೊಳಗಿನ ಸ್ಥಿತಿಯನ್ನು ತಿಳಿಸುತ್ತದೆ. ಇಂಗ್ಲಿಷಿನವರು ಸಾವಿನ ಮನೆಯಲ್ಲಿಯೂ ಸಾರಿ ಅನ್ನುವುದು ಇದೇ ಕಾರಣಕ್ಕೆ. ನಿಮ್ಮ ನೋವು ನನಗೂ ತಟ್ಟಿದೆ ಎಂದು ಅದರ ಭಾವ. ಸಿನಿಮಾದಲ್ಲಿ ಆಪರೇಷನ್ ಥಿಯೇಟರಿನಿಂದ ಹೊರಬಂದ ಡಾಕ್ಟರು ‘ಐ ಆಮ್ ಸಾರಿ’ ಅಂದಾಗ, “ಇವರೇನು ತಪ್ಪು ಮಾಡಿದರು?” ಎಂದು ಕೇಳುವವರು ನಮ್ಮಲ್ಲಿ ಉಂಟು.

ಅವರನ್ನು ಕಂಡು ನಗುವ ಮುಂಚೆ ನಮ್ಮ ‘ಪಾಪ’ ಎಂಬ ಪದವನ್ನು ನೋಡಿ. ಪಾಪನಿವೇದನೆಗೆ ಮೊಣಕಾಲೂರಿದಾಗ ಪಾಪ ಎಂದರೆ ನಾನು ಮಾಡಿದ ಕೇಡು. ಬೀದಿಯಲ್ಲಿ ಬಿದ್ದು ಅಳುವ ಮಗುವನ್ನು ಕಂಡು ‘ಅಯ್ಯೋ ಪಾಪ’ ಅಂದರೆ ಅದು ಕನಿಕರ. ಕನ್ನಡ ಎರಡನ್ನೂ ಒಂದೇ ಪದದಲ್ಲಿ ಇಟ್ಟಿದೆ, ಇಂಗ್ಲಿಷಿನ ‘ಸಾರಿ’ಯ ಹಾಗೆಯೇ. ನಾನು ಮಾಡಿದ ಪಾಪ ಯಾರ ಮೇಲೆ ಬಿತ್ತೋ ಅವರನ್ನು ಕಂಡು ‘ಅಯ್ಯೋ ಪಾಪ’ ಅನ್ನಿಸದಿದ್ದರೆ ಬಾಯಿಂದ ಬರುವ ಸಾರಿ ಬರೀ ಸದ್ದು.

ಇದೇ ಸಂದರ್ಭದಲ್ಲಿ ಬಳಕೆಯಾಗುವ ಇನ್ನೊಂದು ಪದ ‘ಅಪಾಲಜಿ’. ಗುರುಮಠದಲ್ಲಿ ತತ್ವಶಾಸ್ತ್ರ ಓದಿದವರಿಗೆಲ್ಲ ಇದರ ಕಥೆ ಗೊತ್ತಿರುತ್ತದೆ. ಗ್ರೀಕ್ ಭಾಷೆಯ ‘ಅಪೊಲೊಗಿಯಾ’ ಎಂದರೆ ಆರೋಪಿ ನ್ಯಾಯಾಲಯದಲ್ಲಿ ತನ್ನ ಪರವಾಗಿ ಹೂಡುವ ವಾದ. ಸಾಕ್ರಟೀಸನ ವಾದವನ್ನು ಕುರಿತು ಪ್ಲೇಟೋ ಬರೆದ ಕೃತಿಗೆ ಅದೇ ಹೆಸರು. ಅದರಲ್ಲಿ ಸಾಕ್ರಟೀಸ್ ಕ್ಷಮೆ ಬೇಡುವುದಿಲ್ಲ, ತನ್ನನ್ನು ಸಮರ್ಥಿಸಿಕೊಳ್ಳುತ್ತಾನೆ. ನಮ್ಮ ಮನೆಗಳಲ್ಲಿ ಕೇಳಿಬರುವ ಎಷ್ಟೋ ‘ಸಾರಿ’ಗಳು ಈ ಹಳೆಯ ಅಪೊಲೊಗಿಯಾಗಳೇ. “ನಿಂಗೆ ಬೇಜಾರಾಗಿದ್ರೆ ಸಾರಿ.” “ಸಾರಿ, ಆದ್ರೆ ಮೊದ್ಲು ಶುರು ಮಾಡಿದ್ದು ನೀನೇ.” ‘ಆದ್ರೆ’ ಬಂದ ಗಳಿಗೆಯಲ್ಲಿ ಹಿಂದಿನ ಸಾರಿ ಸತ್ತಿತೆಂದು ತಿಳಿಯಿರಿ.

ಪವಿತ್ರ ಬೈಬಲಿನಲ್ಲಿ ಇಬ್ಬರು ಅರಸರಿದ್ದಾರೆ. ಪ್ರವಾದಿ ಸಮುವೇಲನು ಗದರಿದಾಗ ಅರಸ ಸೌಲನೂ ತಾನು ತಪ್ಪಿದೆನೆಂದು ಒಪ್ಪಿದ. ಆದರೆ ಜನರಿಗೆ ಹೆದರಿ ಹಾಗೆ ಮಾಡಿದೆನೆಂದು ಸೇರಿಸಿದ, ಮೇಲಿಂದ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಎಂದು ಕೇಳಿದ. ದಾವೀದನ ಪಾಪವೇನು ಸಣ್ಣದಲ್ಲ, ವ್ಯಭಿಚಾರ ಮತ್ತು ಕೊಲೆ. ನಾತಾನನು ಅವನತ್ತ ಬೆರಳು ತೋರಿಸಿದಾಗ ಅವನ ಉತ್ತರ ಒಂದೇ ಚಿಕ್ಕ ವಾಕ್ಯ. ಅದರಲ್ಲಿ ‘ಆದ್ರೆ’ ಇಲ್ಲ.

ಇಷ್ಟಾದರೂ ವಿಷಯ ಮುಗಿಯುವುದಿಲ್ಲ. ನೋವಾಯಿತು ಎಂದವನು ಸುಮ್ಮನೆ ಕೂರಬಹುದೇ? ನಮ್ಮ ಹಂಪಿಯಲ್ಲಿ ನಡೆದದ್ದನ್ನು ನೆನೆಯಿರಿ. 2019ರ ಫೆಬ್ರವರಿಯಲ್ಲಿ ಒಂದು ವಿಡಿಯೋ ಊರೂರಿಗೆ ಹರಿದಾಡಿತು. ವಿಷ್ಣು ದೇವಾಲಯವೊಂದರ ಆವರಣದಲ್ಲಿ ನೂರಾರು ವರ್ಷ ನಿಂತಿದ್ದ ಕಲ್ಲಿನ ಕಂಬವನ್ನು ಯುವಕರು ಮೋಜಿಗಾಗಿ ದೂಡಿ ಕೆಡವುವ ದೃಶ್ಯ. ನಾಲ್ವರನ್ನು ಪೊಲೀಸರು ಹಿಡಿದರು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು. ಅಷ್ಟಕ್ಕೇ ಬಿಡಲಿಲ್ಲ, ಬೀಳಿಸಿದ್ದನ್ನು ನೀವೇ ಎತ್ತಿ ನಿಲ್ಲಿಸಿ ಎಂದಿತು. ಪುರಾತತ್ವ ಇಲಾಖೆಯವರು ನೋಡುತ್ತ ನಿಂತಿರಲು ಆ ಹುಡುಗರು ಕಂಬವನ್ನು ಮತ್ತೆ ನಿಲ್ಲಿಸಿದರು. ಕೆಡವಲು ಒಂದು ನಿಮಿಷವೂ ಬೇಕಾಗಿರಲಿಲ್ಲ. ಎತ್ತುವಾಗ ಕಲ್ಲಿನ ಭಾರ ಅವರ ತೋಳಿಗೆ ತಿಳಿದಿರಬೇಕು. ಆ ತೀರ್ಪಿನ ಸುದ್ದಿ ಓದಿದಾಗ ನನಗೆ ದೈವಶಾಸ್ತ್ರದ ಒಂದು ಇಡೀ ಪಾಠ ನೆನಪಾಯಿತು.

ಪಾಪನಿವೇದನೆ ಸಂಸ್ಕಾರದಲ್ಲಿ ನಮ್ಮ ಪಾಲಿನ ಕೆಲಸ ಪಶ್ಚಾತ್ತಾಪಪಡುವುದು, ತಪ್ಪನ್ನು ನಿವೇದಿಸುವುದು, ಆಮೇಲೆ ಪರಿಹಾರ ಸಲ್ಲಿಸುವುದು. ಇಂಗ್ಲಿಷಿನಲ್ಲಿ ಈ ಪರಿಹಾರಕ್ಕೆ ‘ಸ್ಯಾಟಿಸ್‌ಫ್ಯಾಕ್ಷನ್’ ಎನ್ನುತ್ತಾರೆ. ಊಟ ಮಾಡಿ ತೇಗಿದ ತೃಪ್ತಿ ಎಂದು ನಾವು ತಿಳಿದಿದ್ದೇವೆ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ‘ಸಾಕಾಗುವಷ್ಟು ಮಾಡುವುದು’. ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1459ನೇ ಪರಿಚ್ಛೇದ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಪಾಪವಿಮೋಚನೆ ಪಾಪವನ್ನು ತೊಡೆಯುತ್ತದೆ, ಆದರೆ ಪಾಪದಿಂದಾದ ಹಾನಿ ತಾನಾಗಿ ಸರಿಹೋಗದು. ಕದ್ದದ್ದನ್ನು ಹಿಂದಿರುಗಿಸಬೇಕು, ಚಾಡಿಯಿಂದ ಕೆಟ್ಟ ಹೆಸರನ್ನು ಸರಿಪಡಿಸಬೇಕು, ಗಾಯ ಮಾಡಿದ್ದಕ್ಕೆ ಪರಿಹಾರ ಕೊಡಬೇಕು. ಅತ್ತಿಮರದಿಂದ ಇಳಿದ ಜಕ್ಕಾಯನನ್ನು ನೋಡಿ. ಸಂತ ಲೂಕನ ಶುಭಸಂದೇಶದಲ್ಲಿ ಅವನು ‘ಸಾರಿ’ ಅಂದದ್ದು ದಾಖಲಾಗಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸಮಾಡಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು: ಅವನು ಆಡಿದ್ದು ಲೆಕ್ಕದ ಮಾತು.

ಎಲ್ಲ ಕಂಬಗಳನ್ನೂ ಎತ್ತಿ ನಿಲ್ಲಿಸಲು ಆಗುವುದಿಲ್ಲ ಎಂಬುದೂ ನಿಜ. ಸಂಡೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಿರಿಗಾಗಿ ಗುಡ್ಡ ಬಗೆದ ಆ ವರ್ಷಗಳ ಕೆಂಪು ಧೂಳು ಮನೆಯ ಮಾಡು, ಬೆಳೆಯ ಎಲೆ, ಜನರ ಎದೆ ಎಲ್ಲದರ ಮೇಲೂ ಕೂತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ತಡೆಯಿತು. 2013ರ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ಎಸಗಿದವರ ಗುತ್ತಿಗೆಗಳು ರದ್ದಾದವು. ಉಳಿದವರು ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆ ಕೈಗೊಂಡ ಮೇಲೆಯೇ ಅಗೆಯಬೇಕೆಂದಾಯಿತು. ಹೋದ ಗುಡ್ಡ ಮತ್ತೆ ಬೆಳೆಯದು. ಆದರೂ ಸಸಿ ನೆಡಬಹುದು, ಹೂಳು ತುಂಬಿದ ಹಳ್ಳ ತೋಡಬಹುದು. ಪೂರ್ತಿ ಸರಿಮಾಡಲಾಗದು ಎಂಬುದು ಏನೂ ಮಾಡದಿರಲು ನೆಪವಾಗಬಾರದು.

ಇನ್ನು ಮನೆಯೊಳಗಿನ ಮಾತಿಗೆ ಬರೋಣ. ನಮ್ಮ ಕಡೆಯ ಗಂಡಸರು ಹೆಂಡತಿಗೆ ‘ತಪ್ಪಾಯ್ತು’ ಅನ್ನುವುದು ಅಪರೂಪ. ಬೆಳಿಗ್ಗೆ ಜಗಳವಾಡಿ ಹೋದವನು ಸಂಜೆ ಒಂದು ಮೊಳ ಮಲ್ಲಿಗೆಯನ್ನೋ ಕಾಗದದಲ್ಲಿ ಸುತ್ತಿದ ಬಿಸಿ ಮಿರ್ಚಿಯನ್ನೋ ತಂದು ಕಟ್ಟೆಯ ಮೇಲಿಡುತ್ತಾನೆ. “ಕೈಕಾಲು ತೊಳ್ಕೊಂಡು ಬರ್ರಿ, ಊಟ ಆರ್ತೈತಿ” ಎಂದು ಆಕೆ ಅಂದರೆ ಕ್ಷಮೆ ಸಿಕ್ಕಿತು. ನಾನು ಇದನ್ನು ಹಗುರವಾಗಿ ಕಾಣುವುದಿಲ್ಲ. ಸಣ್ಣ ಮುನಿಸಿಗೆ ಇದು ಸಾಕು. ಕುಡಿದು ಕೈಮಾಡಿದವನಿಗೆ ಮಾತ್ರ ಸಾಕಾಗದು. ರಾತ್ರಿ ಹೊಡೆದು ಮುಂಜಾನೆ ಸಾರಿ, ಮರುವಾರ ಮತ್ತೆ ಹೊಡೆತ, ಮತ್ತೆ ಸಾರಿ. ಪೇತ್ರನು ಸ್ವಾಮಿಯನ್ನು ಕೇಳಿದ್ದು ಇದನ್ನೇ, “ಎಷ್ಟು ಸಾರಿ?” ಎಂದು. ಲೆಕ್ಕವಿಡಬೇಡ ಎಂಬ ಸ್ವಾಮಿಯ ಉತ್ತರವನ್ನು ತೋರಿಸಿ ಪೆಟ್ಟು ತಿಂದ ಹೆಣ್ಣುಮಕ್ಕಳನ್ನು ಮತ್ತೆ ಅದೇ ಮನೆಗೆ ಸಾಗಹಾಕುವ ಹಿರಿಯರಿದ್ದಾರೆ. ಅವರು ಲೂಕನ 17ನೇ ಅಧ್ಯಾಯವನ್ನೂ ಓದಬೇಕು. ಅಲ್ಲಿ ಯೇಸುಸ್ವಾಮಿ ತಪ್ಪು ಮಾಡಿದವನನ್ನು ಮೊದಲು ಗದರಿಸು ಎನ್ನುತ್ತಾರೆ, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎನ್ನುತ್ತಾರೆ. ಕ್ಷಮಿಸುವುದೆಂದರೆ ಪೆಟ್ಟಿಗೆ ಬೆನ್ನೊಡ್ಡುತ್ತಿರುವುದಲ್ಲ. ಆ ಗಂಡ ಎತ್ತಬೇಕಾದ ಕಂಬ ಯಾವುದೆಂದು ಅವನಿಗೇ ಗೊತ್ತು: ಬಾಟಲಿ ಬಿಡಬೇಕು, ಬಿಡಲು ನೆರವು ಬೇಕಾದರೆ ನಾಚದೆ ಕೇಳಬೇಕು. ಅಲ್ಲಿಯವರೆಗೆ ಆಕೆ ತವರಿನಲ್ಲಿದ್ದರೆ ಅದನ್ನು ಯಾರೂ ಹಟ ಎನ್ನಬೇಡಿರಿ.

ದಿವಂಗತ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಕುಟುಂಬಗಳಿಗೆ ಮೂರು ಮಾತುಗಳನ್ನು ಕಲಿಸಿದರು: ಅಪ್ಪಣೆ ಕೇಳುವುದು, ಕೃತಜ್ಞತೆ ಹೇಳುವುದು, ಕ್ಷಮೆ ಬೇಡುವುದು. ಮೂರನೆಯದೇ ಕಷ್ಟ. ಅದರಲ್ಲೂ ದೊಡ್ಡವರು ಚಿಕ್ಕವರಿಗೆ ಹೇಳುವುದು. ಮಾಡದ ತಪ್ಪಿಗೆ ಮಗನ ಕಪಾಳಕ್ಕೆ ಹೊಡೆದ ತಂದೆ, ನಿಜ ತಿಳಿದ ಮೇಲೂ, ‘ಮಗನ ಮುಂದೆ ತಲೆ ತಗ್ಗಿಸುವುದೇ?’ ಎಂದು ಸುಮ್ಮನಾಗುತ್ತಾನೆ. ಬಲಿಪೂಜೆಯ ಆರಂಭದಲ್ಲಿ ಆ ಮಗನ ಪಕ್ಕದಲ್ಲೇ ನಿಂತು ಎದೆ ಬಡಿದುಕೊಳ್ಳುತ್ತಾನೆ. ಹುಡುಗ ಅದನ್ನು ಓರೆಗಣ್ಣಿನಲ್ಲಿ ನೋಡುತ್ತಿರುತ್ತಾನೆ.

ಕಾಣಿಕೆ ಅರ್ಪಿಸುವಾಗ ಸಹೋದರನ ಅಸಮಾಧಾನ ನೆನಪಾದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೋಗೆಂದು ಪ್ರಭು ಹೇಳಿದಾಗ ಕೇಳುತ್ತಿದ್ದವರಲ್ಲಿ ಗಲಿಲೇಯದವರು ಬಹಳ. ಬಲಿಪೀಠ ಇದ್ದದ್ದು ಜೆರುಸಲೇಮಿನಲ್ಲಿ, ನಡೆದರೆ ಮೂರು ದಿನದ ದಾರಿ. ನಮಗೆ ಅಷ್ಟು ದೂರವಿಲ್ಲ. ಕಂಪ್ಲಿ ಕಡೆಯ ಅಣ್ಣನೊಬ್ಬ ತಮ್ಮನ ಪಾಳಿಯ ಕಾಲುವೆ ನೀರನ್ನು ರಾತ್ರಿ ತನ್ನ ಭತ್ತದ ಗದ್ದೆಗೆ ತಿರುಗಿಸಿಕೊಂಡನೆನ್ನಿ, ಹೊಸಪೇಟೆಯಲ್ಲಿ ಪೂಜೆಗೆ ನಿಂತಾಗ ಅದು ಮನಸ್ಸಿಗೆ ಬಂತೆನ್ನಿ. ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ತಾಸು. ಬಾಗಿಲಲ್ಲಿ ನಿಂತು, “ತಪ್ಪು ನಂದೇ ಕಣೋ, ಈ ಪಾಳಿ ನನ್ ನೀರು ನೀನೇ ಹಾಯಿಸ್ಕೋ” ಅಂದರಾಯಿತು. ಕಾಣಿಕೆ ಇಟ್ಟಲ್ಲೇ ಕಾದಿರುತ್ತದೆ.