ನಡಿಗೆಯ ಸಾಲ

ಅಂಬ್ಲಿಗೊಳದಲ್ಲಿ ನಾನು ಹುಡುಗನಾಗಿದ್ದಾಗ ಸ್ಲೇಟಿನ ಮೇಲೆ ಒಬ್ಬ ಮನುಷ್ಯನ ಚಿತ್ರ ಬರೆದಿದ್ದೆ. ಅರಬ್ಬಿ ಕಲಿಸುತ್ತಿದ್ದ ಹಜರತರು ಗದರಲಿಲ್ಲ. ಬಳಪ ತೆಗೆದುಕೊಂಡು ಅವನ ಕುತ್ತಿಗೆಗೆ ಅಡ್ಡಲಾಗಿ ಒಂದು ಗೆರೆ ಎಳೆದರು. ಜೀವಿಗಳ ಚಿತ್ರ ಬರೆದವರಿಗೆ ಕಯಾಮತ್ತಿನ ದಿನ ಅದಕ್ಕೆ ಜೀವ ಕೊಡುವಂತೆ ಹೇಳಲಾಗುವುದೆಂಬ ಹದೀಸನ್ನು ತಿಳಿಸಿ, "ಕೊಡ್ತೀಯಾ?" ಎಂದು ಕೇಳಿದರು.

ಆ ಪ್ರಶ್ನೆ ಮತ್ತೆ ನೆನಪಾದದ್ದು ಈಚೆಗೆ, ಮಗನ ಮೊಬೈಲಿನಲ್ಲಿ ಮ್ಯಾಕ್ಸ್ ಫ್ಲೈಷರ್‌ನ ಮೂಕಿ ಚಿತ್ರಗಳನ್ನು ನೋಡುವಾಗ. 1918ರಿಂದ 1929ರವರೆಗೆ ಅಮೆರಿಕದಲ್ಲಿ ತಯಾರಾದ 'ಔಟ್ ಆಫ್ ದಿ ಇಂಕ್‌ವೆಲ್' ಸರಣಿಯಲ್ಲಿ ಮೇಜು ನಿಜ, ಮನುಷ್ಯ ನಿಜ, ಮಸಿಕುಡಿಕೆಯೂ ನಿಜ. ಕುಡಿಕೆಯಿಂದ ಏಳುವ ವಿದೂಷಕ, ಮುಂದೆ ಕೊಕೊ ಎಂದು ಹೆಸರಾದವನು, ಮಾತ್ರ ಬರೀ ಗೆರೆಗಳವನು. ಕಾಗದದಿಂದ ಜಿಗಿದು ಬರೆದವನನ್ನೇ ಕಾಡುತ್ತಾನೆ. ಕೊನೆಗೆ ಸಾಮಾನ್ಯವಾಗಿ ಕುಡಿಕೆಗೇ ಮರಳಬೇಕು. ನಗು ಬರುತ್ತದೆ. ಆದರೂ ನನಗೇಕೋ ಉಸಿರು ಕಟ್ಟಿದಂತಾಯಿತು.

ಕೊಕೊನ ನಡಿಗೆ ಅಷ್ಟು ಸಹಜವಾಗಿರುವುದಕ್ಕೆ ಕಾರಣವಿದೆ. ಮ್ಯಾಕ್ಸ್‌ನ ತಮ್ಮ ಡೇವ್ ವಿದೂಷಕನ ವೇಷ ತೊಟ್ಟು ಕ್ಯಾಮೆರಾದ ಮುಂದೆ ಕುಣಿದಿದ್ದ. ಆ ಫಿಲ್ಮಿನ ಒಂದೊಂದೇ ಚಿತ್ರವನ್ನು ಗಾಜಿನ ಮೇಲೆ ಬೀಳಿಸಿ, ಅದರ ಮೇಲೆ ಕಾಗದವಿಟ್ಟು ಗೆರೆ ತಿದ್ದಿದರು. 'ರೊಟೊಸ್ಕೋಪ್' ಎಂಬ ಈ ಸಾಧನಕ್ಕೆ 1915ರಲ್ಲಿ ಅರ್ಜಿ ಹಾಕಿದ ಮ್ಯಾಕ್ಸ್‌ಗೆ 1917ರಲ್ಲಿ ಪೇಟೆಂಟ್ ಸಿಕ್ಕಿತು. ಅಂದರೆ ಮ್ಯಾಕ್ಸ್ ಜೀವ ಕೊಡಲಿಲ್ಲ, ತಮ್ಮನಿಂದ ಕಡ ತಂದ. (ಡೇವ್‌ಗೆ ನಷ್ಟವೇನಿಲ್ಲ; ನಿರ್ದೇಶಕನೆಂದು ಅವನ ಹೆಸರೇ ಪರದೆಯ ಮೇಲೆ ಬರುತ್ತಿತ್ತು.)

ಕತೆಗಾರನ ಕಸುಬೂ ಇದೇ. ನಮ್ಮ ಬೀದಿಯಲ್ಲಿ ಒಬ್ಬ ಖಾಲಾ ಇದ್ದರು. ಡ್ಯಾಮಿನ ಮೀನಿನ ಬುಟ್ಟಿ ಹೊತ್ತು, ಎಡಗಾಲು ಸ್ವಲ್ಪ ಎಳೆಯುತ್ತಾ ನಡೆಯುತ್ತಿದ್ದರು. ಆ ನಡಿಗೆಯನ್ನು, ಬುಟ್ಟಿ ಇಳಿಸುವಾಗಿನ ನಿಟ್ಟುಸಿರನ್ನು ಕತೆಯೊಂದರ ಮುದುಕಿಗೆ ಕೊಟ್ಟೆ. ಹೆಸರು ಬದಲಿಸಿದ್ದೆ, ಅಷ್ಟು ಸಾಕೆಂದುಕೊಂಡಿದ್ದೆ. ಕತೆ ಮುಗಿಸಲು ದಾರಿ ಕಾಣದೆ ಅವಳನ್ನು ನೀರಿಗೆ ಬೀಳಿಸಿದೆ.

ಖಾಲಾಗೆ ಓದು ಬಾರದು. ಮೊಮ್ಮಗಳು ಓದಿ ಹೇಳಿದ್ದಳು. "ಕಾಲು ನಂದೇ ಬೇಟಾ, ಬುಟ್ಟೀನೂ ನಂದೇ. ನನ್ನ ಕೇಳದೆ ಯಾಕೆ ಸಾಯಿಸ್ದೆ?" ಎಂದರು. ಅದೆಲ್ಲ ಕಲ್ಪನೆ ಎಂದೆ.

"ಹಾಗಾದ್ರೆ ಕಾಲನ್ನೂ ಕಲ್ಪನೇಲೇ ಮಾಡ್ಕೋಬೇಕಿತ್ತು."

ಹಜರತರ ಪ್ರಶ್ನೆಗೆ 'ಆಗುವುದಿಲ್ಲ' ಎಂಬ ಉತ್ತರ ನನಗೆ ಹುಡುಗನಾಗಿದ್ದಾಗಲೇ ಗೊತ್ತಿತ್ತು. ಕೊಡಲಾರದವನು ತೆಗೆದುಕೊಂಡದ್ದಕ್ಕೆ ಲೆಕ್ಕ ಯಾವುದು? ಅಲ್ಲಾಹನು ತನ್ನ ಹಕ್ಕನ್ನು ಮನ್ನಿಸಿಯಾನು, ಮನುಷ್ಯರ ಹಕ್ಕನ್ನು ಮನುಷ್ಯರೇ ಮನ್ನಿಸಬೇಕು ಎಂದು ಹಿರಿಯರು ಹೇಳುತ್ತಾರೆ. ಸಂಕಲನ ಅಚ್ಚಿಗೆ ಹೋಗುವಾಗ ಕೊನೆಯ ಪುಟ ಬದಲಿಸಿದೆ. ಕತೆ ಸಪ್ಪೆಯಾಯಿತೆಂದು ಗೆಳೆಯರು ಹೇಳಿದರು. ನಿಜ, ಆಗಿದೆ. ಅದನ್ನು ಓದಿಸಿಕೊಂಡು ಕೇಳಲು ಖಾಲಾ ಆಗ ಉಳಿದಿರಲಿಲ್ಲ.